ಸೊಂಟದ ಮೇಲೆ ಮುಕ್ಕಾಲು ಕಿಲೋ: ಮಂಗಳೂರಿನ ಸೆಕೆಗೆ ಪಿಸ್ತೂಲೋ, ರಿವಾಲ್ವರೋ?

ಏಪ್ರಿಲಿನ ಒಂದು ಭಾನುವಾರ ಚಿಕ್ಕಪ್ಪನ ಮಗ ಕದ್ರಿಯ ನಮ್ಮ ಮನೆಗೆ ಬಂದ. ಸುರತ್ಕಲ್ ಕಡೆ ಅವನದು ಎರಡು ಪೆಟ್ರೋಲ್ ಬಂಕ್. ರಾತ್ರಿ ಹನ್ನೊಂದರ ಮೇಲೆ ಲೆಕ್ಕ ಮುಗಿಸಿ ಒಬ್ಬನೇ ಕಾರು ಓಡಿಸಿಕೊಂಡು ಬರುವವನು. ಬಹಳ ಅಲೆದಾಟದ ನಂತರ ಲೈಸೆನ್ಸ್ ಮಂಜೂರಾಗಿತ್ತು. ಮೊಬೈಲಿನಲ್ಲಿ ಪಟ್ಟಿ ತಯಾರು: ಗ್ಲಾಕ್ 43ಎಕ್ಸ್, ಸಿಗ್ ಪಿ365, ಸ್ಮಿತ್ ಅಂಡ್ ವೆಸನ್ ಶೀಲ್ಡ್. ಮೂರು ತಿಂಗಳು ಯೂಟ್ಯೂಬ್ ನೋಡಿ ಮಾಡಿದ್ದಂತೆ. "ಇದರಲ್ಲಿ ಯಾವುದು ಆಗಬಹುದು?" ಅಂದ.

"ಯಾವುದೂ ನಿನಗೆ ಸಿಗುವುದಿಲ್ಲ ಮಾರಾಯ" ಅಂದೆ. ಪಾಪ, ಕೈಯಲ್ಲಿದ್ದ ಚಾ ಅಲ್ಲಿಗೇ ನಿಂತಿತು.

ಅವನೊಬ್ಬನ ಕಥೆಯಲ್ಲ ಇದು. ಲೈಸೆನ್ಸ್ ಆದ ಹತ್ತರಲ್ಲಿ ಒಂಬತ್ತು ಮಂದಿ ಅಮೆರಿಕದವರ ವಿಡಿಯೋ ನೋಡಿಯೇ ಅಂಗಡಿಗೆ ಹೋಗುತ್ತಾರೆ. ಆ ಪಿಸ್ತೂಲುಗಳೆಲ್ಲ 9 ಎಂಎಂ, ಗುಂಡಿನ ಅಡ್ಡಳತೆ ಅದು. ನಮ್ಮ ಶಸ್ತ್ರಾಸ್ತ್ರ ಕಾನೂನಿನಲ್ಲಿ 9 ಎಂಎಂ ನಿಷೇಧಿತ ಬೋರ್ (ನಳಿಕೆಯ ಅಳತೆ), ಪೊಲೀಸರಿಗೆ ಮತ್ತು ಸೇನೆಗೆ ಸೇರಿದ್ದು. ಅದೂ ಅಲ್ಲದೆ 1980ರ ದಶಕದ ನಡುವಿನಿಂದ ಸಾಮಾನ್ಯ ನಾಗರಿಕರಿಗೆ ವಿದೇಶಿ ಬಂದೂಕಿನ ಆಮದು ಹೆಚ್ಚುಕಡಿಮೆ ನಿಂತೇಹೋಗಿದೆ. ಹೆಸರು ಮಾಡಿದ ಶೂಟರ್‌ಗಳಿಗಷ್ಟೇ ವಿನಾಯಿತಿ. ಹಾಗಾಗಿ ಸೊಂಟದಲ್ಲಿ ಇಟ್ಟುಕೊಳ್ಳುವ ಆಯುಧದ ವಿಷಯಕ್ಕೆ ಬಂದರೆ ನಮ್ಮ ಪಾಲಿಗೆ ಉಳಿಯುವುದು .32 ಮತ್ತು .22, ಇವು ಇಂಚಿನ ಲೆಕ್ಕ. ಆಯ್ಕೆಯ ಅಂಗಳ ಇಷ್ಟೇ ಸಣ್ಣದು. ಸಣ್ಣದಾದರೂ ಅದರೊಳಗೆ ತಪ್ಪು ಮಾಡಲು ಜಾಗ ಬೇಕಾದಷ್ಟು ಉಂಟು.

ಮೊದಲ ತಪ್ಪು .32 ಅಂದರೆ ಒಂದೇ ಗುಂಡು ಅಂದುಕೊಳ್ಳುವುದು. ಪಿಸ್ತೂಲಿಗೆ ಹಾಕುವುದು .32 ಎಸಿಪಿ, ಅಮೆರಿಕದ ಬಂದೂಕು ವಿನ್ಯಾಸಕಾರ ಬ್ರೌನಿಂಗ್ 1899ರ ಸುಮಾರಿಗೆ ಮಾಡಿದ ಗಿಡ್ಡ ಗುಂಡು. ತೂಕ ಸುಮಾರು 4.6 ಗ್ರಾಂ, ವೇಗ ಸೆಕೆಂಡಿಗೆ ಹತ್ತಿರ ಹತ್ತಿರ 275 ಮೀಟರ್. ರಿವಾಲ್ವರಿಗೆ ಹಾಕುವುದು .32 ಸ್ಮಿತ್ ಅಂಡ್ ವೆಸನ್ ಲಾಂಗ್. ಅದು ಉದ್ದ, ಬುಡದ ಅಂಚು ಅಗಲ, 6 ಗ್ರಾಂಗಿಂತ ತುಸು ಹೆಚ್ಚು ತೂಕ, ವೇಗ ಕಡಿಮೆ. ಒಂದರದ್ದು ಇನ್ನೊಂದಕ್ಕೆ ಹಾಕುವಂತಿಲ್ಲ. ರಿವಾಲ್ವರಿನಲ್ಲಿ ಗುಂಡು ಕೂರುವ ಕೋಣೆಯಲ್ಲಿ ಎಸಿಪಿ ಗುಂಡು ಕೆಲವೊಮ್ಮೆ ಕೂತಂತೆ ಕಾಣುತ್ತದೆ. ಕೂತಿತೆಂದು ಹೊಡೆಯಲು ಹೋಗಬೇಡಿ. ಶಕ್ತಿಯಲ್ಲಿ ಎರಡೂ ಅಣ್ಣತಮ್ಮ, 9 ಎಂಎಂಗೆ ಹೋಲಿಸಿದರೆ ಸುಮಾರು ಮೂರನೇ ಒಂದಂಶ. ಆದ್ದರಿಂದ "ಯಾವುದರಲ್ಲಿ ಪವರ್ ಜಾಸ್ತಿ" ಎನ್ನುವ ಚರ್ಚೆಯನ್ನು ನಾನು ಚಾ ಮುಗಿಯುವ ಮೊದಲೇ ಮುಗಿಸಿಬಿಡುತ್ತೇನೆ.

ಇನ್ನು ಸಿಗುವುದೇನು? ಸರಕಾರಿ ಕಾರ್ಖಾನೆಯ .32 ಪಿಸ್ತೂಲು 'ಅಶನಿ'. ಹೆಸರು ಚೆನ್ನಾಗಿದೆ, ಅಶನಿ ಅಂದರೆ ಸಿಡಿಲು. ರಿವಾಲ್ವರಿನಲ್ಲಿ ಕಾನ್ಪುರದ ಹಳೆಯ .32, ವೆಬ್ಲಿ ವಿನ್ಯಾಸದ್ದು. ಮೇಲಿನ ಚಿಲಕ ಒತ್ತಿದರೆ ನಳಿಕೆ ಮುಂದಕ್ಕೆ ಬಾಗಿ ಬಾಯಿ ತೆರೆಯುತ್ತದೆ. ತೂಕ ಸುಮಾರು 700 ಗ್ರಾಂ. 2014ರ ಜನವರಿಯಲ್ಲಿ ಬಂದ 'ನಿರ್ಭೀಕ್' ಟೈಟಾನಿಯಂ ಮಿಶ್ರಲೋಹದ್ದು, 500 ಗ್ರಾಂ. ಮಹಿಳೆಯರಿಗಾಗಿ ಎಂದು ಪ್ರಚಾರ ಮಾಡಿ ಬಿಟ್ಟರು, ಆಗಲೇ ಬೆಲೆ ₹1,22,360. ಕೊಂಡವರಲ್ಲಿ ನನಗೆ ಗೊತ್ತಿರುವವರೆಲ್ಲ ಗಂಡಸರು. 2023ರಲ್ಲಿ ಬಂದ 'ಪ್ರಬಲ್' ಮತ್ತೆ 700 ಗ್ರಾಂ, ಆದರೆ ಇದರ ಸಿಲಿಂಡರು, ಅಂದರೆ ಗುಂಡು ತುಂಬುವ ಉರುಳೆ, ಪಕ್ಕಕ್ಕೆ ತೆರೆದುಕೊಳ್ಳುತ್ತದೆ. ಉತ್ತರ ಪ್ರದೇಶದ ಸಂಡೀಲಾದಲ್ಲಿ ವೆಬ್ಲಿ ಅಂಡ್ ಸ್ಕಾಟ್ ಹೆಸರಿನಲ್ಲೇ .32 ರಿವಾಲ್ವರ್ ತಯಾರಾಗುತ್ತದೆ. .22ರಲ್ಲಿ 'ನಿಡರ್', ಬರೀ 250 ಗ್ರಾಂ. ಇಷ್ಟು ಬಿಟ್ಟರೆ ಅಜ್ಜಂದಿರ ಕಾಲದ ವಿದೇಶಿ ಪಿಸ್ತೂಲುಗಳು. ಅವುಗಳ ಮಾತು ಆಮೇಲೆ.

ಅಕ್ಕಿಯ ಚೀಲದ ಪರೀಕ್ಷೆ

ತಮ್ಮನಿಗೆ ನಾನು ಮಾಡಿಸಿದ್ದು ಇಷ್ಟು. ನನ್ನ ಹೆಂಡತಿ ಹಳೆಯ ಚೂಡಿದಾರದ ಬಟ್ಟೆಯಲ್ಲಿ ಎರಡು ಸಣ್ಣ ಚೀಲ ಹೊಲಿದಳು. ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ಒಂದಕ್ಕೆ 700 ಗ್ರಾಂ ಕುಚ್ಚಲಕ್ಕಿ, ಇನ್ನೊಂದಕ್ಕೆ 500 ಗ್ರಾಂ. ಮೂರು ದಿನ ಇದು, ಮೂರು ದಿನ ಅದು, ಬಲ ಸೊಂಟದಲ್ಲಿ ಪ್ಯಾಂಟಿನ ಒಳಗೆ ಬೆಲ್ಟಿಗೆ ಸಿಕ್ಕಿಸಿಕೊಂಡು ಎಂದಿನ ಹಾಗೆ ಕೆಲಸಕ್ಕೆ ಹೋಗಬೇಕು. ಕಾರಿನಲ್ಲಿ ಕೂರಬೇಕು, ಬಗ್ಗಬೇಕು, ಹಂಪನಕಟ್ಟೆಯಲ್ಲಿ ಪಾರ್ಕಿಂಗ್ ಹುಡುಕಬೇಕು, ಮದುವೆ ಊಟಕ್ಕೆ ನೆಲದಲ್ಲಿ ಕೂತರೆ ಹಾಗೆಯೇ ಏಳಬೇಕು.

ಎರಡನೇ ದಿನ ಸಂಜೆಗೆ ಫೋನು. "ಸೊಂಟ ಇಡೀ ಕೆಂಪಾಗಿದೆ, ಬೆವರುಸಾಲೆ" ಅಂದ. ಏಪ್ರಿಲ್, ಮೇ ತಿಂಗಳ ನಮ್ಮ ಬೆವರು ಗೊತ್ತುಂಟಲ್ಲ, ಬೆಳಗ್ಗೆ ಹತ್ತಕ್ಕೆ ಅಂಗಿ ಬೆನ್ನಿಗೆ ಅಂಟುತ್ತದೆ. ಅಂಟಿದ ಅಂಗಿಯಲ್ಲಿ ಒಳಗಿರುವುದರ ಅಚ್ಚು ಹೊರಗೆ ಮೂಡುತ್ತದೆ. ಬೆಂಗಳೂರಿನವರು ಮೇಲೊಂದು ಜಾಕೆಟ್ ಹಾಕಿ ಮುಚ್ಚಿಕೊಳ್ಳಬಹುದು. ಮಂಗಳೂರಿನಲ್ಲಿ ಮೇ ತಿಂಗಳಲ್ಲಿ ಜಾಕೆಟ್ ಹಾಕಿದವನನ್ನು ಕಂಡರೆ ಬಸ್ಸಿನ ಕಂಡಕ್ಟರನಿಗೂ ಸಂಶಯ ಬರುತ್ತದೆ.

500 ಗ್ರಾಮಿನ ಮೂರು ದಿನ ದೂರು ಬರಲಿಲ್ಲ. ಎರಡು ಹಿಡಿ ಅಕ್ಕಿಯ ವ್ಯತ್ಯಾಸ, ಸೊಂಟಕ್ಕೆ ಅದು ದೊಡ್ಡದು. ಇಷ್ಟಾದ ಮೇಲೂ ಅಂಗಡಿಯಲ್ಲಿ ಕೈಗೆ ಕೊಟ್ಟ ಕೂಡಲೇ ಮನಸ್ಸು ಭಾರದ್ದರ ಕಡೆಗೆ ಓಡುತ್ತದೆ. ಭಾರದ ಉಕ್ಕು ಅಂಗೈಯಲ್ಲಿ ಒಳ್ಳೆಯ ಸಾಮಾನಿನ ಹಾಗೆ ಕೂರುತ್ತದೆ. ಹೊಡೆಯುವಾಗ ಕುಲುಕಾಟವೂ ಕಡಿಮೆ. ಅಂಗೈಯ ಮಾತು ಕೇಳಿ ತಂದವರ ಆಯುಧ ತಿಂಗಳೊಳಗೆ ಕಪಾಟು ಸೇರಿದ್ದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಆದರೆ ತೂಕವೊಂದೇ ಅಲ್ಲ, ದಪ್ಪವೂ ಉಂಟು. ಇಲ್ಲಿ ಪಿಸ್ತೂಲು ಗೆಲ್ಲುತ್ತದೆ. ಗುಂಡುಗಳು ಹಿಡಿಯೊಳಗಿನ ಮ್ಯಾಗಜಿನ್‌ನಲ್ಲಿ ಒಂದರ ಮೇಲೊಂದು ನಿಲ್ಲುವುದರಿಂದ ಇಡೀ ವಸ್ತು ಚಪ್ಪಟೆ, ದಪ್ಪ ಪರ್ಸಿನ ಹಾಗೆ ಸೊಂಟಕ್ಕೆ ಒರಗುತ್ತದೆ. ರಿವಾಲ್ವರಿನ ಸಿಲಿಂಡರಿನಲ್ಲಿ ಆರು ಗುಂಡು ಸುತ್ತ ಕೂತಿರುವುದರಿಂದ ನಡುವೆ ಒಂದು ಹೊಟ್ಟೆ. ಇನ್‌ಶರ್ಟ್ ಮಾಡುವವರಿಗೆ ಆ ಹೊಟ್ಟೆ ಅಡಗಿಸುವುದು ಕಷ್ಟ. ಅಂಗಿ ಹೊರಗೆ ಬಿಡುವವರಿಗೆ ತೊಂದರೆಯಿಲ್ಲ, ಅದರಲ್ಲೂ ಗೆರೆಯದ್ದೋ ಚೌಕುಳಿಯದ್ದೋ ಅಂಗಿಯಾದರೆ ಉಬ್ಬು ಕಣ್ಣಿಗೆ ಬೀಳುವುದಿಲ್ಲ. ತೆಳು ಬಿಳಿ ಅಂಗಿಗೆ ಎರಡೂ ಆಗದು.

ಮುಂಡು ಉಡುವವರ ಕಥೆ ಬೇರೆ. ಬಂದರಿನ ಹಳೆಯ ವ್ಯಾಪಾರಿಗಳು ಮುಂಡಿನ ಮೇಲೆ ಅಗಲವಾದ ಹಸಿರು ಪಟ್ಟಿ ಕಟ್ಟಿ ಅದರ ಜೇಬಿನಲ್ಲಿ ದುಡ್ಡು ಇಡುತ್ತಿದ್ದರಲ್ಲ, ಹಾಗೆ ಗಟ್ಟಿ ಪಟ್ಟಿ ಇಲ್ಲದೆ ಬರೀ ಮುಂಡಿನ ಗಂಟನ್ನು ನಂಬಿ ಮುಕ್ಕಾಲು ಕಿಲೋ ಕಬ್ಬಿಣ ಸಿಕ್ಕಿಸಿಕೊಳ್ಳುವುದು ಎಂದರೆ, ಎಂತ ಹೇಳುವುದು, ಮುಂಡೂ ಹೋದೀತು, ಮಾನವೂ ಹೋದೀತು. ಹೋಲ್‌ಸ್ಟರ್ (ಬಂದೂಕಿನ ಒರೆ) ಇಲ್ಲದೆ ಯಾವ ಬಟ್ಟೆಯಲ್ಲೂ ಇಟ್ಟುಕೊಳ್ಳಬೇಡಿ. 2016ರ ಶಸ್ತ್ರಾಸ್ತ್ರ ನಿಯಮಗಳೂ ಕೈಬಂದೂಕು ಹೋಲ್‌ಸ್ಟರಿನಲ್ಲಿ ಇರಬೇಕು, ತೋರಿಸಿಕೊಂಡು ತಿರುಗಬಾರದು ಅನ್ನುತ್ತವೆ. ಟ್ರಿಗರ್ ಪೂರ್ತಿ ಮುಚ್ಚುವ ಹೋಲ್‌ಸ್ಟರ್ ಮಾತ್ರ ಕೊಳ್ಳಿ.

ತುಕ್ಕು

ಈ ಊರಿನಲ್ಲಿ ಬಂದೂಕಿಗೆ ಕಳ್ಳನಿಗಿಂತ ದೊಡ್ಡ ಶತ್ರು ಗಾಳಿ. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿನ ಹತ್ತಿರ ಮಳೆ, ಉಳಿದ ದಿನ ಉಪ್ಪುಗಾಳಿ, ಸೊಂಟದಲ್ಲಿದ್ದರೆ ಮೇಲಿಂದ ಬೆವರು. ನನ್ನ ಪಿಸ್ತೂಲಿನ ಮೈಗೆ ಕಪ್ಪು ಬ್ಲೂಯಿಂಗ್ ಉಂಟು. ಅದು ಬಣ್ಣದ ಹಾಗೆ ಮುಚ್ಚುವ ಪದರವಲ್ಲ, ಎಣ್ಣೆ ಹಿಡಿದಿಟ್ಟುಕೊಳ್ಳುವ ಮೇಲ್ಮೈ ಅಷ್ಟೇ. ಎಣ್ಣೆ ಒರೆಸಿಹೋದರೆ ಒಂದೇ ರಾತ್ರಿಯಲ್ಲಿ, ಬೆವರಿದ ಹೆಬ್ಬೆರಳು ಮುಟ್ಟಿದ ಕಡೆ, ಹೆಬ್ಬೆರಳಿನದೇ ಆಕಾರದಲ್ಲಿ ಕಂದು ಕಲೆ ಏಳುತ್ತದೆ. ನಾನು ಸುಳ್ಳು ಹೇಳುವುದಿಲ್ಲ, ಅದರ ರೇಖೆಗಳೂ ಕಾಣುತ್ತಿದ್ದವು.

ಪಿಸ್ತೂಲಿನಲ್ಲಿ ತುಕ್ಕು ಹಿಡಿಯುವ ಜಾಗ ಹೆಚ್ಚು: ಮೇಲೆ ಹಿಂದೆಮುಂದೆ ಜಾರುವ ಸ್ಲೈಡಿನ ಒಳಗಿನ ಜಾಡು, ಮ್ಯಾಗಜಿನ್ನಿನ ತುಟಿ, ಸ್ಪ್ರಿಂಗು. ಅಲ್ಲಿ ತುಕ್ಕು ಹಿಡಿದರೆ ಬರೀ ಚಂದ ಹಾಳಲ್ಲ, ಓಟವೇ ಹಾಳು. ರಿವಾಲ್ವರಿನಲ್ಲಿ ಹೊರಗೆ ಕಂಡದ್ದನ್ನು ಒರೆಸಬಹುದು, ಒಳಗಿನ ಯಂತ್ರ ಮುಚ್ಚಿಕೊಂಡಿರುತ್ತದೆ. ಟೈಟಾನಿಯಂಗೆ ತುಕ್ಕಿನ ಹೆದರಿಕೆ ಇಲ್ಲ. ಹಾಗೆಂದು ನಿರ್ಭೀಕ್ ತಂದವರು ಎಣ್ಣೆಯನ್ನೇ ಮರೆಯಬಾರದು, ಒಳಗಿನ ಸ್ಪ್ರಿಂಗುಗಳು ಉಕ್ಕಿನವೇ.

ಚರ್ಮದ ಹೋಲ್‌ಸ್ಟರ್ ಹಗಲಿಗೆ ಸರಿ, ರಾತ್ರಿ ಅದರೊಳಗೇ ಬಿಟ್ಟು ಲಾಕರಿನಲ್ಲಿ ಇಡಬೇಡಿ. ಚರ್ಮ ಬೆವರನ್ನೂ ಉಪ್ಪನ್ನೂ ಕುಡಿದು ನಿಧಾನವಾಗಿ ಕಬ್ಬಿಣಕ್ಕೆ ವಾಪಸು ಕೊಡುತ್ತದೆ. ಆಟಿ ತಿಂಗಳಲ್ಲಿ ಅದರ ಮೇಲೆ ಬೂಷ್ಟು ಬೇರೆ. ಪ್ಲಾಸ್ಟಿಕ್ಕಿನ ಕೈಡೆಕ್ಸ್ ಮೈಗೆ ಚುಚ್ಚುತ್ತದೆ, ಆದರೆ ನಲ್ಲಿನೀರಲ್ಲಿ ತೊಳೆದು ಒಣಗಿಸಬಹುದು. ನಾನು ಈಗ ಅದಕ್ಕೇ ಬಂದಿದ್ದೇನೆ.

ಅದಕ್ಕಿಂತ ದೊಡ್ಡ ಸಂಕಟ ಚುನಾವಣೆ. ನೀತಿ ಸಂಹಿತೆ ಬಂತೆಂದರೆ ನಮ್ಮ ಕಡೆ ಲೈಸೆನ್ಸ್ ಇದ್ದವರಿಗೆ ಠಾಣೆಯಿಂದ ಫೋನು, ತಂದು ಒಪ್ಪಿಸಿ ಎಂದು. ತೋಟದವರ ಕೋವಿಯೂ ಹೋಗುತ್ತದೆ, ಹಂದಿಗೆ ಅದೇ ಹಬ್ಬ. 2023ರ ಮೇಯಲ್ಲಿ ವಿಧಾನಸಭೆ ಆಯಿತು, 2024ರ ಏಪ್ರಿಲ್ 26ಕ್ಕೆ ಇಲ್ಲಿ ಲೋಕಸಭೆಯ ಮತದಾನ. ಆ ಸಲ ಮಾರ್ಚ್ 16ಕ್ಕೆ ಹೊರಟ ನೀತಿ ಸಂಹಿತೆ ಜೂನ್ ಮೊದಲ ವಾರದ ತನಕ ನಡೆಯಿತು. ನನ್ನದು ಒಂದು ಠಾಣೆಯ ಕಪಾಟಿನಲ್ಲಿ, ಬಟ್ಟೆಯ ಚೀಲದಲ್ಲಿ, ಮೂರು ತಿಂಗಳು ಮಲಗಿತ್ತು. ವಾಪಸು ಸಿಕ್ಕಿದಾಗ ಹೊರಗೆ ಧೋ ಎಂದು ಮಳೆ, ಕೈಯಲ್ಲಿ ಸ್ಲೈಡ್ ಎಳೆದರೆ ಕರಕರ ಸದ್ದು. ಆ ಬಟ್ಟೆಯ ಚೀಲದಲ್ಲಿ ಹಾಕಿ ಕೊಟ್ಟವನು ನಾನೇ, ಪೊಲೀಸರನ್ನು ಬಯ್ದು ಏನು ಪ್ರಯೋಜನ? ಈಗ ಒಪ್ಪಿಸುವ ಮೊದಲು ಎಣ್ಣೆ ಹಚ್ಚಿ, ಎಣ್ಣೆಕಾಗದದಲ್ಲಿ ಸುತ್ತಿ, ಸಿಲಿಕಾ ಜೆಲ್ಲಿನ ನಾಲ್ಕು ಪೊಟ್ಟಣದ ಜೊತೆ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಇಟ್ಟು ಕೊಡುತ್ತೇನೆ, ಆಯುಧದ ನಂಬರು ಬರೆಸಿ ರಶೀದಿ ತೆಗೆದುಕೊಳ್ಳುತ್ತೇನೆ. ಕೊಳ್ಳುವಾಗಲೇ ಈ ಮೂರು ತಿಂಗಳ ನಿದ್ದೆ ಲೆಕ್ಕದಲ್ಲಿರಲಿ. ಹೀಗೆ ಮಲಗಿ ಎದ್ದು ಕಡಿಮೆ ರಗಳೆ ಮಾಡುವುದು ರಿವಾಲ್ವರ್.

ಕೈ ನಡುಗುವಾಗ

ಹನ್ನೊಂದು ವರ್ಷದಿಂದ ನಾನು ಇಟ್ಟುಕೊಂಡಿರುವುದು ಪಿಸ್ತೂಲು, ಹಾಗಾಗಿ ಅದರ ಪಕ್ಷಪಾತಿ. ಆದರೂ ಇದನ್ನು ಹೇಳಲೇಬೇಕು. .32 ಪಿಸ್ತೂಲುಗಳು ಸಾಮಾನ್ಯವಾಗಿ ಬ್ಲೋಬ್ಯಾಕ್ ಜಾತಿಯವು. ಹಿಂದಿನ ಬಾಗಿಲಿಗೆ ಬೀಗವಿಲ್ಲ, ಸ್ಲೈಡಿನ ತೂಕ ಮತ್ತು ಸ್ಪ್ರಿಂಗಿನ ಬಿಗಿಯೇ ಅದನ್ನು ಹಿಡಿದಿಡುವುದು. ಅದಕ್ಕೇ ಸ್ಪ್ರಿಂಗು ಬಿಗಿ, ಸ್ಲೈಡ್ ಎಳೆಯಲು ಬಲ ಬೇಕು. ಬೆವರಿದ ಕೈಯಲ್ಲಿ ಜಾರುತ್ತದೆ. ಕೈಗಂಟಿನ ನೋವಿರುವವರು, ವಯಸ್ಸಾದವರು ಅಂಗಡಿಯಲ್ಲಿ ಹತ್ತು ಸಲ ಎಳೆದು ನೋಡದೆ ದುಡ್ಡು ಕೊಡಬೇಡಿ.

ಎರಡನೆಯದು, .32 ಎಸಿಪಿ ಗುಂಡಿನ ಬುಡದಲ್ಲಿ ಕೂದಲೆಳೆಯಷ್ಟು ಅಂಚು ಹೊರಗೆ ಚಾಚಿರುತ್ತದೆ. ಮ್ಯಾಗಜಿನ್ ತುಂಬುವಾಗ ಮೇಲಿನ ಗುಂಡಿನ ಅಂಚು ಕೆಳಗಿನದರ ಅಂಚಿನ ಹಿಂದೆ ಸಿಕ್ಕಿಕೊಂಡರೆ ಮೇಲಿನದು ಮುಂದಕ್ಕೆ ಹೋಗದೆ ಅಲ್ಲೇ ಬೀಗ ಬೀಳುತ್ತದೆ. ಅಭ್ಯಾಸದ ಹೊತ್ತಿನಲ್ಲಿ ನನಗೆ ಎರಡು ಸಲ ಆಗಿದೆ. ಸ್ಲೈಡ್ ಎಷ್ಟು ಎಳೆದರೂ ಬಿಡಲಿಲ್ಲ, ಮ್ಯಾಗಜಿನ್ ಹೊರತೆಗೆದು ಉಗುರಿನಿಂದ ಎಬ್ಬಿಸಬೇಕಾಯಿತು. ಮುಂದೆ ಮನುಷ್ಯ ನಿಂತಿದ್ದರೆ ಉಗುರಿಗೆ ಸಮಯ ಎಲ್ಲಿಂದ? ಒಂದೊಂದೇ ಗುಂಡನ್ನು ಹಿಂದಕ್ಕೆ ಒತ್ತಿ, ಮೇಲಿನ ಅಂಚು ಕೆಳಗಿನದರ ಮುಂದೆಯೇ ಕೂತಿದೆಯೇ ಎಂದು ನೋಡಿ ತುಂಬುವುದೇ ಮದ್ದು.

ರಿವಾಲ್ವರಿನಲ್ಲಿ ಗುಂಡು ಹಾರದಿದ್ದರೆ ಇನ್ನೊಮ್ಮೆ ಟ್ರಿಗರ್ ಎಳೆದರಾಯಿತು, ಮುಂದಿನ ಕೋಣೆ ಬಂದು ನಿಲ್ಲುತ್ತದೆ. ಬದಲಿಗೆ ಅದರ ಟ್ರಿಗರ್ ಉದ್ದ ಮತ್ತು ಭಾರ. ಎಳೆಯುವಷ್ಟರಲ್ಲಿ ನಳಿಕೆ ಎಡಕ್ಕೋ ಕೆಳಕ್ಕೋ ವಾಲುತ್ತದೆ. ಐದು ಮೀಟರಿನಲ್ಲಿ ತೊಂದರೆಯಿಲ್ಲ, ಹದಿನೈದರಲ್ಲಿ ಅಭ್ಯಾಸವಿಲ್ಲದವನ ಗುಂಡು ಎಲ್ಲಿ ಹೋದೀತೋ. ಪ್ರಬಲ್‌ಗೆ 50 ಮೀಟರ್ ವ್ಯಾಪ್ತಿ ಎಂದು ಹೊಗಳುತ್ತಾರೆ. ರಾತ್ರಿ 50 ಮೀಟರ್ ದೂರದಲ್ಲಿರುವವನಿಂದ ನಿಮಗೆ ಪ್ರಾಣಭಯ ಇತ್ತೆಂದು ಕೋರ್ಟಿನಲ್ಲಿ ಹೇಳಿ ನೋಡಿ. ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರ ತನಕದ ಕಲಮುಗಳು ಆತ್ಮರಕ್ಷಣೆಯ ಹಕ್ಕು ಕೊಡುತ್ತವೆ, ರಕ್ಷಣೆಗೆ ಅಗತ್ಯಕ್ಕಿಂತ ಹೆಚ್ಚು ಮಾಡಬಾರದೆಂದೂ ಅಲ್ಲೇ ಹೇಳುತ್ತವೆ.

ಪಿಸ್ತೂಲಿನ ಚೇಂಬರಿನಲ್ಲಿ, ಅಂದರೆ ನಳಿಕೆಯ ಹಿಂತುದಿಯಲ್ಲಿ, ಗುಂಡು ಇಟ್ಟುಕೊಂಡೇ ತಿರುಗಬೇಕೇ? ಅಮೆರಿಕದವರು ಹೌದು ಅನ್ನುತ್ತಾರೆ. ಅವರ ಹೊಸ ಪಿಸ್ತೂಲುಗಳಿಗೆ ಕೆಳಗೆ ಬಿದ್ದರೂ ಸಿಡಿಯದ ಒಳಬೀಗಗಳುಂಟು, ಅವರು ವಾರವಾರ ಹೊಡೆಯುತ್ತಾರೆ. ನಮ್ಮಲ್ಲಿ ಪೊಲೀಸ್ ಇಲಾಖೆ ಆಗಾಗ ನಡೆಸುವ ನಾಗರಿಕ ಬಂದೂಕು ತರಬೇತಿ ಬಿಟ್ಟರೆ ಅನೇಕರಿಗೆ ಅಭ್ಯಾಸವೇ ಇಲ್ಲ. ನಾನು ಖಾಲಿ ಇಡುತ್ತೇನೆ. ಅದರಿಂದ ಎರಡು ಸೆಕೆಂಡು ಹೋಗುತ್ತದೆ, ಹೋಗಲಿ. ಮನೆಯಲ್ಲಿ ಮೊಮ್ಮಗು ಉಂಟು. ಆ ಎರಡು ಸೆಕೆಂಡು ಬಿಟ್ಟುಕೊಡಲು ಮನಸ್ಸಿಲ್ಲದವರಿಗೆ ರಿವಾಲ್ವರೇ ಸರಿ. ಹಳೆಯ ವಿನ್ಯಾಸದ್ದಾದರೆ ಗುಂಡಿಗೆ ಬಡಿಯುವ ಹ್ಯಾಮರಿನ ಕೆಳಗಿನ ಕೋಣೆಯೊಂದನ್ನು ಖಾಲಿ ಬಿಡಿ, ಐದು ಗುಂಡು ಸಾಕು.

ಹಳೆಯ ವಿದೇಶಿ ಪಿಸ್ತೂಲುಗಳ ಮೋಹ ನನಗೂ ಇತ್ತು. ಬ್ರೌನಿಂಗ್ 1910, ವಾಲ್ಥರ್ ಪಿಪಿಕೆ, ಕೈಗೆ ಹಿಡಿದರೆ ಕೆಳಗಿಡಲು ಮನಸ್ಸು ಬಾರದು. ಆಮದು ನಿಂತ ಮೇಲೆ ಇದ್ದವೇ ಕೈಯಿಂದ ಕೈಗೆ ದಾಟುತ್ತಿರುವುದರಿಂದ ಬೆಲೆ ಲಕ್ಷಗಳಲ್ಲಿ. 1931ರಲ್ಲಿ ಹುಟ್ಟಿದ ಪಿಪಿಕೆ ಚಪ್ಪಟೆ, ನುಣುಪು, ಅಡಗಿಸಲು ಅದಕ್ಕೆ ಸಾಟಿಯಿಲ್ಲ. ಆದರೆ ಎಂಬತ್ತು ವರ್ಷದ ಸ್ಪ್ರಿಂಗು ಮುರಿದರೆ ಹೊಸದು ಎಲ್ಲಿಂದ ತರುತ್ತೀರಿ? ತಾತನಿಂದ ಬಂದದ್ದಾದರೆ ಇಟ್ಟುಕೊಳ್ಳಿ. ದುಡ್ಡು ಕೊಟ್ಟು ದಿನಬಳಕೆಗೆ ತರಬೇಡಿ.

ನಿಡರ್ ಬಗ್ಗೆ ಒಂದೇ ಮಾತು. 250 ಗ್ರಾಂ ಅಂದರೆ ಜೇಬಿನಲ್ಲಿರುವುದೇ ಮರೆತುಹೋಗುತ್ತದೆ, ಆದರೆ .22 ಬುಡದ ಅಂಚಿನಲ್ಲಿ ಕಿಡಿಮದ್ದು ಇರುವ ಗುಂಡು, ಹುಸಿಯಾಗುವ ಸಂಭವ ಉಳಿದವುಗಳಿಗಿಂತ ಹೆಚ್ಚು. ನಾನಾದರೆ ತೆಗೆದುಕೊಳ್ಳೆನು.

ಎಲ್ಲಿಗೆ ಒಯ್ಯಲಾಗದು

ಅಮೆರಿಕದ ವಿಡಿಯೋಗಳಲ್ಲಿ ಸಿಗದ ಲೆಕ್ಕ ಒಂದುಂಟು. ಉಡುಪಿ ಕೃಷ್ಣ ಮಠಕ್ಕೆ ದರ್ಶನಕ್ಕೆ ಹೋದರೆ ಗಂಡಸರು ಅಂಗಿ ತೆಗೆಯಬೇಕು. ಅಂಗಿ ತೆಗೆದ ಮೇಲೆ ಅಡಗಿಸುವುದು ಎಲ್ಲಿ? ಕಾರಿನಲ್ಲಿ ಬಿಟ್ಟು ಹೋಗುವುದು ಬೇಜವಾಬ್ದಾರಿ, ಕಳೆದುಹೋದರೆ ಮೊದಲು ಸಿಕ್ಕಿಬೀಳುವುದು ನೀವೇ. ಆ ದಿನ ಮನೆಯ ಲಾಕರಿನಲ್ಲೇ ಇರಲಿ. ಮಾಲಿನ ಬಾಗಿಲಿನಲ್ಲಿ ಲೋಹಪತ್ತೆ ಯಂತ್ರ, ವಿಮಾನಕ್ಕಾದರೆ ಗುಂಡು ತೆಗೆದು, ಮೊದಲೇ ತಿಳಿಸಿ, ಚೆಕ್-ಇನ್ ಲಗೇಜಿನಲ್ಲಿ ಮಾತ್ರ. ಮದುವೆ ಮನೆಯಲ್ಲಿ ಖುಷಿಗೆ ಗಾಳಿಯಲ್ಲಿ ಹೊಡೆದರೆ 2019ರ ತಿದ್ದುಪಡಿಯಂತೆ ಎರಡು ವರ್ಷದ ತನಕ ಜೈಲು, ಅಥವಾ ಲಕ್ಷದ ತನಕ ದಂಡ, ಅಥವಾ ಎರಡೂ.

ಇನ್ನೊಂದು ತಲಪಾಡಿ, ಕೇರಳದ ಗಡಿ. ಮಂಜೇಶ್ವರದಲ್ಲಿ ಅತ್ತೆಮನೆ, ಕಾಸರಗೋಡಿನಲ್ಲಿ ವ್ಯಾಪಾರ ಇರುವವರು ನಮ್ಮಲ್ಲಿ ಎಷ್ಟು ಮಂದಿ. ಲೈಸೆನ್ಸಿನಲ್ಲಿ ಸಿಂಧುತ್ವದ ಪ್ರದೇಶ 'ಕರ್ನಾಟಕ' ಎಂದಿದ್ದರೆ ಟೋಲ್ ದಾಟಿ ಗಡಿ ಆಚೆ ಹೋದ ಕ್ಷಣವೇ ನಿಮ್ಮ ಸೊಂಟದಲ್ಲಿರುವುದು ಲೈಸೆನ್ಸಿಲ್ಲದ ಆಯುಧ. ಆ ಸಾಲು ಓದಿಕೊಳ್ಳಿ. ವಿಸ್ತರಣೆ ಬೇಕಾದರೆ ಮಂಗಳೂರು ನಗರದವರಿಗೆ ಪೊಲೀಸ್ ಕಮಿಷನರ್ ಕಚೇರಿ, ಗ್ರಾಮಾಂತರದವರಿಗೆ ಜಿಲ್ಲಾಧಿಕಾರಿ, ಉಡುಪಿಯವರಿಗೆ ಮಣಿಪಾಲದ ರಜತಾದ್ರಿಯಲ್ಲಿರುವ ಜಿಲ್ಲಾಧಿಕಾರಿ ಕಚೇರಿ. ಈಗ ಲೈಸೆನ್ಸಿನ ಅವಧಿ ಐದು ವರ್ಷ, ಮೊದಲು ಮೂರಿತ್ತು. ಎರಡಕ್ಕಿಂತ ಹೆಚ್ಚು ಬಂದೂಕು ಇಟ್ಟುಕೊಳ್ಳುವಂತಿಲ್ಲ, ತೋಟದ ಕೋವಿಯೂ ಆ ಎರಡರಲ್ಲೇ ಸೇರಿತು ಎನ್ನುವುದು ಕೃಷಿಕರಿಗೆ ನೆನಪಿರಲಿ.

ಹೀಗೆ ತಮ್ಮನ ಲೆಕ್ಕಕ್ಕೆ ಬಂದೆವು. ಹಗಲೆಲ್ಲ ಬಂಕಿನ ಸೆಕೆಯಲ್ಲಿ ನಿಲ್ಲುವವನು, ಅಂಗಿ ಹೊರಗೆ ಬಿಡುವವನು, ಎಣ್ಣೆ ಹಚ್ಚುವ ತಾಳ್ಮೆ ಇಲ್ಲದವನು, ಅಭ್ಯಾಸಕ್ಕೆ ವರ್ಷಕ್ಕೊಮ್ಮೆ ಹೋದರೆ ದೊಡ್ಡದು. ನಾನು ಪಿಸ್ತೂಲಿನ ಪಕ್ಷಪಾತಿಯಾದರೂ ಅವನಿಗೆ ನಿರ್ಭೀಕ್ ಅಂದೆ. ಅವನು ಪ್ರತಿ ದಿನ ಪ್ಯಾಂಟು ಅಂಗಿ ಇನ್‌ಶರ್ಟ್ ಮಾಡಿ ಎಸಿ ಕೋಣೆಯಲ್ಲಿ ಕೂರುವವನಾಗಿದ್ದು, ಭಾನುವಾರಕ್ಕೊಮ್ಮೆ ಬಿಚ್ಚಿ ಒರೆಸುವ ಜಾತಿಯವನಾಗಿದ್ದರೆ ಅಶನಿಯನ್ನೇ ಹೇಳುತ್ತಿದ್ದೆ. ಹೆಸರಿನಲ್ಲಿ ಸಿಡಿಲಿಲ್ಲವಲ್ಲ ಎಂದು ಸ್ವಲ್ಪ ಮುಖ ಸಪ್ಪಗೆ ಮಾಡಿಕೊಂಡ.

ಈಗ ಇಟ್ಟುಕೊಂಡು ಆರು ತಿಂಗಳು. ಆಯುಧದ ಬಗ್ಗೆ ದೂರಿಲ್ಲ, ಅಂಗಿಯದ್ದುಂಟು. ಕೈ ಎತ್ತಿದರೆ ಅಂಗಿ ಮೇಲೆ ಹೋಗಿ ಹೋಲ್‌ಸ್ಟರಿನ ತುದಿ ಕಾಣುತ್ತದೆಂದು ಅಂಗಿಗಳನ್ನೆಲ್ಲ ಎರಡಿಂಚು ಉದ್ದ, ಸೊಂಟದಲ್ಲಿ ಒಂದಿಂಚು ಸಡಿಲ ಹೊಲಿಸಲು ಹಂಪನಕಟ್ಟೆಯ ಟೈಲರ್ ಬಳಿ ಹೋದನಂತೆ. ಕಾರಣ ಹೇಳುವ ಹಾಗಿಲ್ಲ. ಟೈಲರ್ ಟೇಪು ಸುತ್ತಿ, ಮುಖ ನೋಡಿ, ಹೊಟ್ಟೆ ನೋಡಿ, ತುಂಬ ಮರ್ಯಾದೆಯಿಂದ ಕೇಳಿದನಂತೆ: "ಈಗಲೇ ಸಡಿಲ ಬೇಕಾ, ಅಲ್ಲ ಒಳಗೆ ಮಾರ್ಜಿನ್ ಬಿಡ್ಲಾ?"